ಜಗಲಿ ಏರಿದ ಹಾರ್ಡ್ ಡಿಸ್ಕ್

ನನ್ನ ಅಂಗಡಿಯ ಕಂಪ್ಯೂಟರಿನ ಪಕ್ಕದ ತಗಡು ಸದಾ ಬಿಚ್ಚಿಯೇ ಇರುತ್ತದೆ. ಒಳಗೆ ಎರಡು ಹಾರ್ಡ್ ಡಿಸ್ಕ್ ಕಾಣುತ್ತವೆ. ಬ್ಲೌಸಿನ ಅಳತೆ ಕೊಡಲು ಬಂದವರೂ ಬಗ್ಗಿ ನೋಡಿ, "ಇವು ಎರಡು ಯಾಕ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಮನಸ್ಸು ಸರಿಯಿದ್ದರೆ ವಿವರಿಸುತ್ತೇನೆ. ಇಲ್ಲದಿದ್ದರೆ, "ನಿಮ್ಮ ಮನ್ಯಾಗ ಅಣ್ಣ-ತಮ್ಮ ಬ್ಯಾರೆ ಆದ ಮ್ಯಾಲೂ ಒಂದ ಒಲಿ ಮ್ಯಾಲೆ ಅಡಗಿ ಮಾಡ್ತಾರೇನ್ರಿ?" ಎಂದು ತಿರುಗಿ ಕೇಳುತ್ತೇನೆ. ಅಷ್ಟಕ್ಕೇ ಅರ್ಧ ಜನ ಸುಮ್ಮನಾಗುತ್ತಾರೆ. ಉಳಿದವರು ತಮ್ಮ ಮನೆಯ ಕಥೆ ಶುರು ಮಾಡುತ್ತಾರೆ, ಆಗ ನನ್ನ ಕೆಲಸ ಕೆಡುತ್ತದೆ.

ಅಂಗಡಿ ಇರುವುದು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ. ಒಂದು ಮಗ್ಗುಲಿಗೆ ಲೇತ್ ಮಷಿನ್ನಿನವರು, ಇನ್ನೊಂದು ಮಗ್ಗುಲಿಗೆ ಪಂಕ್ಚರ್ ತಿದ್ದುವವರು. ನಡುವೆ ನನ್ನ ರೇಷ್ಮೆ ಬ್ಲೌಸುಗಳು. ಇಂಥಲ್ಲಿ ಯಾರು ಬಂದು ಕಸೂತಿ ಹಾಕಿಸುತ್ತಾರೆ ಎಂದು ಶುರುವಿನಲ್ಲಿ ನಕ್ಕವರಿದ್ದರು. ಟ್ರ್ಯಾಕ್ಟರಿನ ಸಾಮಾನು ತಿದ್ದಿಸಲು ಬಂದ ಗಂಡಸರ ಜೊತೆ ಹೆಂಗಸರೂ ಬರುತ್ತಾರೆ, ಅವರು ಹೊತ್ತು ಕಳೆಯಲು ನನ್ನ ಅಂಗಡಿಯ ಬಾಕಿನ ಮೇಲೆ ಕೂರುತ್ತಾರೆ, ಕೂತವರು ಏನಾದರೂ ಹಾಕಿಸಿಕೊಂಡೇ ಏಳುತ್ತಾರೆ ಎಂಬುದು ನಕ್ಕವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಮನೆ ತಿಕೋಟಾದಲ್ಲಿ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತೇನೆ.

ಕಸೂತಿ ಹಾಕುವ ಯಂತ್ರ ಕೊಂಡಾಗ ಅದರ ಜೊತೆಗೆ ಒಂದು ಪ್ರೋಗ್ರಾಮು ಬಂತು. ಪರದೆಯ ಮೇಲೆ ಬಿಡಿಸಿದ ಚಿತ್ತಾರವನ್ನು ಸೂಜಿಗೆ ತಿಳಿಯುವ ಹೊಲಿಗೆಯಾಗಿ ಬದಲಿಸುವುದು ಅದರ ಕೆಲಸ. ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಅದಕ್ಕೇ ವಿಂಡೋಸ್ ಇಟ್ಟುಕೊಂಡಿದ್ದೇನೆ. ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಬಂದದ್ದು ಸಿಟ್ಟಿನಿಂದ. ಮದುವೆ ಸುಗ್ಗಿಯ ಒಂದು ಮಧ್ಯಾಹ್ನ, ಬಾಕಿನ ಮೇಲೆ ಮದುಮಗಳ ಕಡೆಯವರು ಸಾಲಾಗಿ ಕೂತಿದ್ದಾಗ, ವಿಂಡೋಸ್ ತಾನಾಗಿಯೇ ಅಪ್‌ಡೇಟಿಗೆ ಕೂತಿತು. ನೀಲಿ ಪರದೆಯ ಮೇಲೆ ಚುಕ್ಕಿಗಳು ಗಿರಗಿರ ತಿರುಗುತ್ತಿದ್ದವು. ಆರಿಸಬೇಡಿ ಎಂದು ಬೇರೆ ಬರೆದಿತ್ತು. ನನ್ನ ಅಂಗಡಿಯಲ್ಲಿ ನನಗೇ ಕೈಕಟ್ಟಿ ಕೂರು ಎಂದು ಹೇಳುವವರು ಯಾರು? ಆ ದಿನ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನವೇ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಹೊಲಿಗೆಗೆ ವಿಂಡೋಸ್ ಇರಲಿ, ಉಳಿದ ಎಲ್ಲ ಕೆಲಸಕ್ಕೆ ಲಿನಕ್ಸ್ ಹಾಕು ಎಂದೆ. ಅವನು ಇದ್ದ ಒಂದೇ ಡಿಸ್ಕನ್ನು ಎರಡು ಪಾಲು ಮಾಡಿ ಎರಡನ್ನೂ ಕೂರಿಸಿದ. ಕಂಪ್ಯೂಟರ್ ಹಚ್ಚಿದರೆ, ಯಾವುದನ್ನು ಎಬ್ಬಿಸಲಿ ಎಂದು ಒಂದು ಪುಟ್ಟ ಪಟ್ಟಿ ಕೇಳುತ್ತಿತ್ತು. ಚೆಂದವೇ ಇತ್ತು. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮುಂದಿನ ಅಪ್‌ಡೇಟಿನಲ್ಲಿ ವಿಂಡೋಸ್ ಆ ಪಟ್ಟಿಯನ್ನು ಒರೆಸಿ ಹಾಕಿ, ಮನೆಗೆ ತಾನೊಬ್ಬನೇ ಯಜಮಾನ ಎಂಬಂತೆ ನೇರವಾಗಿ ಎದ್ದು ಕೂತಿತು. ರಿಪೇರಿಯವನು ಬಂದು ಸರಿಮಾಡಿದ. ಮತ್ತೆ ಒರೆಸಿತು. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿನ ಡಿಸ್ಕ್ ತೆಗೆದುಕೊಟ್ಟು, ಲಿನಕ್ಸಿಗೆ ಬೇರೆ ಮನೆಯನ್ನೇ ಮಾಡಿಕೊಡು ಎಂದೆ.

ಅವನು ಮಾಡಿಕೊಟ್ಟ. ಕೆಲವು ದಿನ ಎಲ್ಲ ಸುರಳೀತ ನಡೆಯಿತು. ಒಮ್ಮೆ ಧೂಳು ಒರೆಸುವಾಗ ವಿಂಡೋಸ್ ಡಿಸ್ಕಿನ ಕೇಬಲ್ ಬಿಚ್ಚಿ ಮತ್ತೆ ಹಾಕುವುದನ್ನು ಮರೆತೆ. ಲಿನಕ್ಸ್ ಏಳಲೇ ಇಲ್ಲ. ತನ್ನದೇ ಡಿಸ್ಕಿನಲ್ಲಿದ್ದ ಲಿನಕ್ಸಿಗೆ ಏನು ರೋಗ? ಫೋನಿನಲ್ಲಿ ಹುಡುಕಿ ಓದಿದಾಗ ತಿಳಿಯಿತು. ಎರಡೂ ಡಿಸ್ಕಿಗೆ ಕೇಬಲ್ ಇದ್ದಾಗಲೇ ಅವನು ಲಿನಕ್ಸ್ ಕೂರಿಸಿದ್ದರಿಂದ, ಅದನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಮು ವಿಂಡೋಸಿನ ಡಿಸ್ಕಿಗೆ ಹೋಗಿ ಕೂತಿತ್ತು. ತಮ್ಮ ಬೇರೆ ಮನೆ ಮಾಡಿದರೂ ಬಾಗಿಲ ಕೀಲಿ ಅಣ್ಣನ ಉಡಿದಾರದಲ್ಲೇ ಉಳಿದಂತೆ. ಇದು ಎಂಥ ಬೇರೆ ಸಂಸಾರ ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು.

ಈ ಸಲ ರಿಪೇರಿಯವನನ್ನು ಕರೆಯಲಿಲ್ಲ. ವಿಂಡೋಸಿನ ಕೇಬಲ್ಲನ್ನು ಪೂರ್ತಿ ಬಿಚ್ಚಿಟ್ಟು, ಲಿನಕ್ಸನ್ನು ಅದರ ಡಿಸ್ಕಿನಲ್ಲಿ ಹೊಸದಾಗಿ ನಾನೇ ಕೂರಿಸಿದೆ. ಎಲ್ಲ ಮುಗಿದ ಮೇಲೆ ಕೇಬಲ್ ಹಾಕಿದೆ. ಈಗ ಯಾವುದು ಬೇಕೋ ಅದನ್ನು ಹಚ್ಚುವಾಗಲೇ ಒಂದು ಗುಂಡಿ ಒತ್ತಿ ಆರಿಸಿಕೊಳ್ಳುತ್ತೇನೆ. ಇವನನ್ನು ಅವನು ಕೇಳುವ ಹಾಗಿಲ್ಲ, ಅವನನ್ನು ಇವನು ಕೇಳುವ ಹಾಗಿಲ್ಲ. ರಿಪೇರಿಯವನು ಚಹಾ ಕುಡಿಯಲು ಬಂದಾಗ ನೋಡಿ ನಕ್ಕ.

"ಇಷ್ಟೆಲ್ಲಾ ಯಾಕ ಬೇಕಿತ್ರಿ ಅಕ್ಕಾರ? ಎರಡೂ ಡಿಸ್ಕ್ ಹೆಂಗೂ ಕೂಡೇ ಇರ್ತಾವಲ್ಲ."

"ಕೂಡಿ ಇರೋ ದಿನ ಇರ್ಲಿ. ಒಂದು ಇಲ್ಲದ ದಿನ ಬಂದ್ರ?" ಎಂದೆ.

"ಅಂಥಾ ದಿನ ಯಾಕ ಬರ್ತದ್ರಿ," ಎಂದು ಅವನು ಚಹಾ ಮುಗಿಸಿ ಹೋದ. ಅಂಥ ದಿನ ಹೇಗೆ ಬರಬಹುದು ಎಂದು ಆಗ ನನಗೂ ಗೊತ್ತಿರಲಿಲ್ಲ. ಹಟಕ್ಕೆ ಹೇಳಿದ ಮಾತು ಅದು.

ಇನ್ನು ನನ್ನ ಅತ್ತೆಯ ವಿಷಯ. ಕಸೂತಿಯಲ್ಲಿ ಅವರನ್ನು ಸರಿಗಟ್ಟುವವರು ತಿಕೋಟಾದಲ್ಲಿ ಇನ್ನೊಬ್ಬರಿರಲಿಲ್ಲ. ಎಳೆ ಎಣಿಸಿ, ಗಂಟು ಹಾಕದೆ, ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣುವಂತೆ ಹಾಕುವ ಗವಂತಿ ಹೊಲಿಗೆ ಅವರದು. ಸೂಜಿ ಒಂದು ಸಲ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಕಣ್ಣು ಮಂದವಾದ ಮೇಲೆ ಅವರು ಹಾಕುವುದನ್ನು ಬಿಟ್ಟರು, ತಪ್ಪು ಹುಡುಕಿ ಹೆಸರಿಡುವುದನ್ನು ಬಿಡಲಿಲ್ಲ. ನನ್ನ ಯಂತ್ರದ ಕೆಲಸ ತೋರಿಸಿದರೆ ಮುಂಭಾಗವನ್ನು ನೋಡುವುದೇ ಇಲ್ಲ. ತಿರುವಿ, ಹಿಂಭಾಗದ ಮೇಲೆ ಬೆರಳಾಡಿಸಿ, "ಇದೇನ ಬೇ, ಗೋಣಿಚೀಲ ಹೊಲದಂಗ ಐತಿ," ಎನ್ನುತ್ತಾರೆ. ನಾನೂ ಬಿಡುವವಳಲ್ಲ. ಅವರ ನವಿಲು, ಗೋಪುರ, ತೊಟ್ಟಿಲುಗಳ ಚಿತ್ತಾರವನ್ನು ಒಂದೊಂದಾಗಿ ಅವರಿಂದ ಕೇಳಿ ಲಿನಕ್ಸಿನಲ್ಲಿ ಬಿಡಿಸಿಟ್ಟೆ. ಚಿತ್ತಾರವನ್ನು ಹೊಲಿಗೆ ಮಾಡುವ ಪ್ರೋಗ್ರಾಮು ಲಿನಕ್ಸಿನಲ್ಲೂ ಒಂದು ಪುಕ್ಕಟೆ ಸಿಗುತ್ತದೆ. ಅದನ್ನು ಬಿಡುವಾದಾಗ ಕಲಿಯುತ್ತಿದ್ದೆ. ಆದರೆ ಗಿರಾಕಿಯ ಬಟ್ಟೆಯ ಮೇಲೆ ಅದನ್ನು ಒಮ್ಮೆಯೂ ಹಚ್ಚಿರಲಿಲ್ಲ. ಹೊಟ್ಟೆಪಾಡಿಗೆ ವಿಂಡೋಸ್, ಹುರುಪಿಗೆ ಲಿನಕ್ಸ್ ಎಂದು ನನ್ನ ಲೆಕ್ಕ.

ಅತ್ತೆಯ ಇನ್ನೊಂದು ಕಟ್ಟುನಿಟ್ಟು ಖಂಡೇಪೂಜೆಯದು. ಮಹಾನವಮಿಯ ದಿನ ಮನೆಯವರು ದುಡಿಯುವ ಸಾಮಾನೆಲ್ಲ ದೇವರ ಜಗಲಿ ಏರಬೇಕು. ಕುಡಗೋಲು, ಸಲಿಕೆ, ಕಳೆ ತೆಗೆಯುವ ಕುರ್ಚಿಗಿ ಎಲ್ಲ ಏರುತ್ತವೆ. ನಮ್ಮ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ದೊಡ್ಡ ಪಂಪನ್ನು ಜಗಲಿಗೆ ಏರಿಸಲಾಗುವುದಿಲ್ಲ, ಆದ್ದರಿಂದ ಅದರ ಬಾಯಿಯ ಹಿತ್ತಾಳೆ ತುಂಡನ್ನು ಬಿಚ್ಚಿ ತಂದು ಇಡುತ್ತೇವೆ. ವಿಭೂತಿ, ಹೂವು, ಹೋಳಿಗೆಯ ಎಡೆ ಆದ ಮೇಲೆ, ಮರುದಿನ ಸಂಜೆ ಬನ್ನಿ ಕೊಟ್ಟು ಬರುವವರೆಗೆ ಅವುಗಳನ್ನು ಯಾರೂ ಮುಟ್ಟಬಾರದು. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನದ ಕೂತ ಊಟ ಅದು. ಆದರೆ ದ್ರಾಕ್ಷಿ ಬಳ್ಳಿಯನ್ನು ಕತ್ತರಿಸುವ ಚಾಟ್ನಿ ಕೆಲಸ ಸರಿಯಾಗಿ ಅದೇ ದಿನಗಳಲ್ಲಿ ಬರುತ್ತದೆ, ಬಳ್ಳಿ ಹಬ್ಬ ನೋಡುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಚಾಟ್ನಿಯ ಕತ್ತರಿ ಎಲ್ಲ ಜೋಡಿ. ಒಂದು ಜಗಲಿಗೆ, ಒಂದು ತೋಟಕ್ಕೆ. ಪೂಜೆಗೆ ಕೂತದ್ದು ಏಳುವಂತಿಲ್ಲ, ಕೂರದೆ ಹೊರಗೆ ಉಳಿದದ್ದು ದುಡಿಯಬಹುದು. ಇದು ಅತ್ತೆಯ ಅತ್ತೆ ಮಾಡಿಟ್ಟ ಕಟ್ಟಳೆ.

ನಾನು ಮೊದಲೆಲ್ಲ ಅಂಗಡಿಯಿಂದ ಬಟ್ಟೆ ಕತ್ತರಿಸುವ ಕತ್ತರಿಯನ್ನೂ, ಯಂತ್ರದ ಸೂಜಿಯನ್ನೂ ಬಿಚ್ಚಿ ತಂದು ಇಡುತ್ತಿದ್ದೆ. ಯಂತ್ರಕ್ಕೆ ಕುಂಕುಮ ಹಚ್ಚುವುದಿಲ್ಲ, ಬಟ್ಟೆಗೆ ಕಲೆ ಬೀಳುತ್ತದೆ. ಕಳೆದ ದಸರೆಗೆ ಅತ್ತೆ ಒಂದು ಹೊಸ ಮಾತು ತೆಗೆದರು.

"ಕತ್ತರಿ, ಸೂಜಿ ಸರಿ. ನಿನಗ ಅನ್ನ ಹಾಕಾಕತ್ತಿದ್ದು ಆ ಡಬ್ಬಿ. ಅದರಾಗಿನ ಜೀವ ಎಲ್ಲಿರತೈತಿ?"

"ಹಾರ್ಡ್ ಡಿಸ್ಕಿನ್ಯಾಗ್ರಿ ಅತ್ತಿ."

"ಹಂಗಾರ ಅದನ್ನ ತಾ. ಕುಂಡ್ರಸೂಣು."

ಮಾತು ನನಗೂ ಸರಿ ಎನಿಸಿತು. ನವಮಿಯ ಬೆಳಿಗ್ಗೆ ಅಂಗಡಿಗೆ ಹೋಗಿ ಬಾಗಿಲಿಗೆ ಬಾಳೆಗಿಡ ಕಟ್ಟಿ, ಕಾಯಿ ಒಡೆದು, ವಿಂಡೋಸಿನ ಡಿಸ್ಕ್ ಬಿಚ್ಚಿದೆ. ಅನ್ನ ಹಾಕುವುದು ಅದೇ ತಾನೆ. ಹೊಸ ರವಿಕೆ ಖಣದ ತುಂಡಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಸೂಜಿ ಮತ್ತು ಕತ್ತರಿಯ ಜೊತೆ ತಿಕೋಟಾಕ್ಕೆ ತಂದೆ. ಲಿನಕ್ಸಿನ ಡಿಸ್ಕ್ ಅಂಗಡಿಯಲ್ಲೇ ಉಳಿಯಿತು. ಅತ್ತೆ ಡಿಸ್ಕನ್ನು ಕೈಯಲ್ಲಿ ತೂಗಿ ನೋಡಿ, ವಿಭೂತಿ ಎಳೆದು, ಕುಡಗೋಲಿನ ಪಕ್ಕ ಕೂರಿಸಿದರು. ಚೆಂಡು ಹೂವಿನ ಕೆಳಗೆ ಅದು ಗಂಭೀರವಾಗಿ ಕಾಣುತ್ತಿತ್ತು. ನನಗೆ ಆ ದಿನ ಯಾವ ಕೆಲಸವೂ ಬಾಕಿ ಇರಲಿಲ್ಲ.

ಮರುದಿನ, ವಿಜಯದಶಮಿಯ ಮಧ್ಯಾಹ್ನ, ಬಬಲೇಶ್ವರದಲ್ಲಿ ನನ್ನ ಮಗಳ ಕುಬಸ ಇತ್ತು. ನಮ್ಮ ಕಡೆ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ಒಯ್ದು, ಉಡಿ ತುಂಬುವ ಕಾರ್ಯ ಅದು. ಕುಬಸ ಎಂದರೆ ರವಿಕೆ. ಅದು ತವರಿನಿಂದಲೇ ಬರಬೇಕು. ಮಗಳ ಕುಬಸದ ತೋಳಿಗೆ ಅತ್ತೆಯ ತೊಟ್ಟಿಲ ಸಾಲನ್ನು ಹಾಕಿ, ಇಸ್ತ್ರಿ ಮಾಡಿ ಟ್ರಂಕಿನಲ್ಲಿ ಇಟ್ಟಾಗಿತ್ತು. ಮಗಳ ನೆಗೆಣ್ಣಿಯೂ, ಅಂದರೆ ಆ ಮನೆಯ ಹಿರಿಯ ಸೊಸೆಯೂ, ಬಸುರಿ. ಮದುವೆಯಾಗಿ ಬಹಳ ವರ್ಷ ಕಾದು ಮೊದಲ ಸಲ ನಿಂತ ಬಸಿರು. ಆಕೆಯ ತಿಂಗಳು ಮಗಳದಕ್ಕಿಂತ ಸ್ವಲ್ಪ ಮುಂದೆ. ಇಬ್ಬರನ್ನೂ ಒಂದೇ ದಿನ ಕೂರಿಸುವುದೆಂದು ಬೀಗರು ಗೊತ್ತುಮಾಡಿದ್ದರು. ಆ ಹುಡುಗಿಗೆ ತಾಯಿ ತಂದೆ ಇಲ್ಲ. ಇಟ್ಟಂಗಿಹಾಳದ ಚಿಕ್ಕಮ್ಮನೊಬ್ಬರು ಕುಬಸ ತರುತ್ತೇನೆಂದು ಒಪ್ಪಿಕೊಂಡಿದ್ದರು.

ನವಮಿಯ ಹೋಳಿಗೆ ಊಟ ಮುಗಿದು ಅಡಕೆ ಹಾಕಿಕೊಂಡು ಕೂತಿದ್ದೆವು. ಮಗಳ ಫೋನು ಬಂತು.

"ಯವ್ವಾ, ಅಕ್ಕನ ಚಿಕ್ಕವ್ವನ ಮನ್ಯಾಗ ಮುಂಜಾನೆ ಮುದುಕ ತೀರ್ಕೊಂಡಾರಂತ. ಸೂತಕ ಬಂತು. ಅವರು ಬರಂಗಿಲ್ಲ."

ಪಾಪ ಎಂದೆ. ಸೂತಕದವರು ಶುಭಕಾರ್ಯಕ್ಕೆ ಏನನ್ನೂ ತರುವಂತಿಲ್ಲ.

"ತವರಿನ ಕುಬಸ ಇಲ್ಲದ ಹೆಂಗ ಕುಂಡ್ರೂದು, ನಾ ಒಲ್ಲೆ ಅಂತ ಅಕ್ಕ ಒಳಗ ಹೋಗ್ಯಾಳ. ಪ್ಯಾಟ್ಯಾಗಿಂದ ತರ್ತೀನಿ ಅಂತ ಅತ್ತಿ ಅಂದ್ರ, ಅತ್ತಿ ಮನಿ ಕುಬಸ ಉಟ್ಕೊಂಡ್ರ ತವರಿಲ್ಲದಾಕಿ ಅಂತ ಎಲ್ಲಾರ ಮುಂದ ಹೇಳಿದಂಗ ಆಕ್ಕೈತಿ ಅಂತ ಅಳಾಕತ್ತಾಳ." ಮಗಳ ದನಿಯೂ ಒಡೆದಿತ್ತು. "ಯವ್ವಾ, ನೀ ಆಕಿಗೂ ಒಂದು ತರ್ತೀಯೇನ? ನಂದರಂಗ, ತೊಟ್ಟಿಲ ಇರಬೇಕು. ಆಕಿ ಕುಂಡ್ರಲಿಲ್ಲಂದ್ರ ನಾನೂ ಕುಂಡ್ರೂದಿಲ್ಲ."

"ತರ್ತೀನಿ, ಅಳಬ್ಯಾಡಂತ ಆಕಿಗೆ ಹೇಳು," ಎಂದು ಫೋನಿಟ್ಟೆ. ಇಟ್ಟ ಮೇಲೆ ಜಗಲಿಯ ಕಡೆ ನೋಡಿದೆ. ಅದೇ ಹಸಿರು ರೇಷ್ಮೆ ಇನ್ನೂ ಉಳಿದಿತ್ತು, ದಾರ ಇತ್ತು, ಯಂತ್ರ ಇತ್ತು. ಕಸೂತಿಯ ಪ್ರೋಗ್ರಾಮು ಮಾತ್ರ ವಿಭೂತಿ ಹಚ್ಚಿಕೊಂಡು ಹೋಳಿಗೆಯ ಮುಂದೆ ಕೂತಿತ್ತು. ಅದು ಏಳುವುದು ನಾಳೆ ಸಂಜೆ. ಕುಬಸ ಬೇಕಾದದ್ದು ನಾಳೆ ಮಧ್ಯಾಹ್ನ.

ನನ್ನ ಗಂಡ ಸರಳ ಮನುಷ್ಯ. "ದೇವರು ಏನೂ ಅನ್ನಂಗಿಲ್ಲ. ಡಿಸ್ಕ್ ತಗೋ, ಗಾಡಿ ತಗೀತೀನಿ," ಎಂದು ಎದ್ದೇಬಿಟ್ಟರು. ಅತ್ತೆ ಅವರ ಕಡೆ ತಿರುಗಲೂ ಇಲ್ಲ. ನನ್ನನ್ನೇ ಕೇಳಿದರು.

"ಯಂತ್ರಕ್ಕ ಕುಂಕುಮ ಹಚ್ಚೀಯೇನು?"

"ಇಲ್ರಿ. ಸೂಜಿ ಅಷ್ಟ ತಂದೀನಿ."

"ಬ್ಯಾರೆ ಸೂಜಿ ಐತಿ?"

"ಡಬ್ಬಿ ತುಂಬ ಅದಾವ್ರಿ."

"ಕತ್ತರಿ ನಂದು ತಗೋ, ಹಳೇದು, ಪೂಜಿಗೆ ಕುಂತಿಲ್ಲ. ಈ ಡಿಸ್ಕ್ ಅಂಬೂದು ಒಂದ ಐತೋ, ಕತ್ತರಿ ಹಂಗ ಜೋಡಿ ಐತೋ?"

ಪೂಜೆಗೆ ಕೂತದ್ದನ್ನು ಎಬ್ಬಿಸಲು ನನಗೂ ಮನಸ್ಸಿರಲಿಲ್ಲ. ಹೆದರಿಕೆಯಿಂದಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಮಾಡಿಟ್ಟ ಕಟ್ಟಳೆ ಅದೊಂದೇ, ಅದನ್ನು ನಾನೇ ಮುರಿದರೆ ಇನ್ನು ಉಳಿಸುವವರು ಯಾರು?

"ಜೋಡಿ ಐತ್ರಿ ಅತ್ತಿ," ಎಂದೆ. "ಇನ್ನೊಂದು ಅಂಗಡ್ಯಾಗ ಐತಿ."

"ಮತ್ತ ಇನ್ನೇನು. ಇದು ಉಣ್ಣಲಿ, ಅದು ದುಡೀಲಿ." ಅವರು ನನ್ನ ಕೈ ಹಿಡಿದರು. "ಒಂದು ಮಾತು. ತವರು ಅಂದ್ರ ಕುಬಸ ಅಷ್ಟ ಅಲ್ಲ. ಗೊತ್ತೈತಿಲ್ಲ?"

"ಗೊತ್ತೈತ್ರಿ," ಎಂದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಹೊಲಿಗೆ ಮಾತ್ರ.

ಗಂಡನ ಬೈಕಿನ ಹಿಂದೆ ಕೂತು ಹೊರಟೆ. ಸೊಲ್ಲಾಪುರ ರಸ್ತೆ ಸುಮ್ಮನಿತ್ತು. ಲೇತ್ ಮಷಿನ್ನಿಗೆ ಹೂವಿನ ಸರ ಬಿದ್ದಿತ್ತು, ಪಂಕ್ಚರಿನವರ ಗಾಳಿಯಂತ್ರಕ್ಕೂ ಕುಂಕುಮ. ಒಡೆದ ಕುಂಬಳಕಾಯಿಯ ಹೋಳುಗಳನ್ನು ದಾಟಿ ಶಟರ್ ಎತ್ತಿದೆ. ಇಡೀ ಸಾಲಿನಲ್ಲಿ ಕೆಲಸಕ್ಕೆ ಕೂತದ್ದು ನಾನೊಬ್ಬಳೇ.

ಕಂಪ್ಯೂಟರಿನಲ್ಲಿ ಈಗ ಇದ್ದದ್ದು ಒಂದೇ ಡಿಸ್ಕ್. ವಿಂಡೋಸಿನ ಕೇಬಲ್ ಖಾಲಿ ನೇತಾಡುತ್ತಿತ್ತು. ಹಚ್ಚಿದೆ. ಪರದೆ ಕಪ್ಪಾಗಿ ನಿಂತಿತು. ರಿಪೇರಿಯವನು ಕೂರಿಸಿದ್ದ ಲಿನಕ್ಸಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಕೀಲಿ ತಿಕೋಟಾದ ಜಗಲಿಯ ಮೇಲೆ ಇರುತ್ತಿತ್ತು. ಆದರೆ ಇದನ್ನು ಕೂರಿಸಿದವಳು ನಾನು. ಒಂದು ಉಸಿರಿನಲ್ಲಿ ಲಿನಕ್ಸ್ ಎದ್ದು, ಏನು ಮಾಡಲಿ ಎಂಬಂತೆ ಪರದೆ ಬೆಳಗಿ ಕೂತಿತು.

"ಎದ್ದತೇನ?" ಎಂದು ಗಂಡ ಬಾಕಿನ ಮೇಲಿಂದ ಕೇಳಿದರು.

"ಏಳದ ಏನು ಮಾಡತೈತಿ," ಎಂದೆ. ನನ್ನ ದನಿಯಲ್ಲಿ ಎಷ್ಟು ಜಂಬವಿತ್ತೆಂದರೆ ಅವರು ನಕ್ಕುಬಿಟ್ಟರು.

ತೊಟ್ಟಿಲ ಚಿತ್ತಾರ ಇದೇ ಡಿಸ್ಕಿನಲ್ಲಿತ್ತು, ಬಿಡಿಸಿದ್ದು ಇಲ್ಲೇ ತಾನೆ. ಅದನ್ನು ಪುಕ್ಕಟೆ ಪ್ರೋಗ್ರಾಮಿನಿಂದ ಹೊಲಿಗೆ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಯಂತ್ರಕ್ಕೆ ಚುಚ್ಚಿ, ಚಿಂದಿ ಬಟ್ಟೆಯ ಮೇಲೆ ಓಡಿಸಿದೆ. ಬಂದದ್ದು ಭಯಂಕರ. ಹೊಲಿಗೆ ದಟ್ಟವಾಗಿ ಬಟ್ಟೆ ಸುಕ್ಕುಗಟ್ಟಿತ್ತು, ಒಂದು ತೊಟ್ಟಿಲಿನಿಂದ ಇನ್ನೊಂದಕ್ಕೆ ಉದ್ದನೆಯ ದಾರ ಜಿಗಿದಿತ್ತು. ಗಂಡ ಅದನ್ನು ಎತ್ತಿ ಹಿಡಿದು, ತೊಟ್ಟಿಲೋ ಸೌತೆಕಾಯಿಯೋ ಎಂದು ಹೊರಳಿಸಿ ನೋಡಿದರು. ನಾನು ಕಸಿದುಕೊಂಡೆ.

ವಿಂಡೋಸಿನ ಪ್ರೋಗ್ರಾಮಿಗೆ ಚಿತ್ತಾರ ಕೊಟ್ಟರೆ ಸೂಜಿಯ ದಾರಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಈ ಪುಕ್ಕಟೆಯದಕ್ಕೆ ದಾರಿಯನ್ನು ನಾವೇ ಹೇಳಿಕೊಟ್ಟರೆ ಒಳ್ಳೆಯದು. ಹೇಳಿಕೊಡಲು ನನಗೆ ದಾರಿ ಗೊತ್ತಿತ್ತು, ಅತ್ತೆಯ ಕೈ ಆ ದಾರಿಯಲ್ಲಿ ಹೋಗಿ ಬರುವುದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೆ. ದಟ್ಟ ಹೊಲಿಗೆಯನ್ನೆಲ್ಲ ಅಳಿಸಿದೆ. ತೊಟ್ಟಿಲ ಒಂದು ಕಾಲಿನಿಂದ ಶುರುಮಾಡಿ, ಬಿಟ್ಟು ಬಿಟ್ಟು ಸಾಲಿನ ಕೊನೆಯವರೆಗೆ ಹೋಗಿ, ಬಿಟ್ಟದ್ದನ್ನು ತುಂಬುತ್ತ ಮರಳಿ ಬರುವಂತೆ ಗೆರೆ ಎಳೆದೆ. ಮೇಲಿನ ದಾರದ್ದೇ ಬಣ್ಣವನ್ನು ಕೆಳಗಿನ ಬಾಬಿನ್ನಿಗೂ ಸುತ್ತಿದೆ. ಚಿಂದಿಯ ಮೇಲೆ ಮತ್ತೆ ಓಡಿಸಿದಾಗ ಸಾಲು ನೆಟ್ಟಗೆ ಬಂತು. ಆಮೇಲೆ ರೇಷ್ಮೆಯನ್ನು ಚೌಕಟ್ಟಿಗೆ ಬಿಗಿದೆ. ಯಂತ್ರ ಹೊರಟಿತು. ಎರಡೂ ತೋಳು ಮುಗಿಯುವವರೆಗೆ ನಾನು ಅದರ ಮುಂದಿನಿಂದ ಕದಲಲಿಲ್ಲ. ಬಟ್ಟೆ ಉಳಿದಿದ್ದದ್ದು ಒಂದೇ ಕುಬಸಕ್ಕೆ ಆಗುವಷ್ಟು. ಕೆಟ್ಟರೆ ಹಬ್ಬದ ದಿನ ಅದೇ ಹಸಿರು ಎಲ್ಲಿ ಹುಡುಕುವುದು? ಕೆಡಲಿಲ್ಲ. ಹೊತ್ತು ಮುಳುಗುವ ಮೊದಲೇ ಶಟರ್ ಎಳೆದೆವು.

ಮನೆಗೆ ಬಂದ ಕೂಡಲೇ ಅತ್ತೆ ಕೈ ಚಾಚಿದರು. ಎಂದಿನಂತೆ ತಿರುವಿ ಹಿಂಭಾಗದ ಮೇಲೆ ಬೆರಳಾಡಿಸಿದರು. ಮತ್ತೆ ಮುಂಭಾಗ. ಮತ್ತೆ ಹಿಂಭಾಗ. ಯಾವುದು ಹಿಂದೆ ಯಾವುದು ಮುಂದೆ ಎಂದು ಅವರಿಗೆ ತಿಳಿಯದೆ ಹೋದದ್ದು ಅದೇ ಮೊದಲು.

"ಇದು ಗವಂತಿ ಐತಿ," ಎಂದರು. ಅಷ್ಟೇ. ನನ್ನ ಇಷ್ಟು ವರ್ಷದ ಸಂಸಾರದಲ್ಲಿ ಅವರಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು. ಒಳಗೆ ಹೋಗಿ ನೀರು ಕುಡಿಯುವ ನೆವದಲ್ಲಿ ಒಂದಿಷ್ಟು ಕಣ್ಣೀರು ಹಾಕಿದೆ.

ಬೆಳಿಗ್ಗೆ ಎದ್ದು ಕುಬಸ ಹೊಲಿದೆ. ಇಬ್ಬರ ಅಳತೆಯೂ ಹೆಚ್ಚುಕಡಿಮೆ ಒಂದೇ ಎಂದು ಮಗಳು ಹೇಳಿದ್ದಳು, ಬಸುರಿ ಎಂದು ಸ್ವಲ್ಪ ಸಡಿಲ ಇಟ್ಟೆ. ಟ್ರಂಕಿನಲ್ಲಿ ಒಂದರ ಪಕ್ಕ ಇನ್ನೊಂದು ಇಟ್ಟುಕೊಂಡು, ಅತ್ತೆಯನ್ನೂ ಕರೆದುಕೊಂಡು, ವಿಜಯಪುರದ ಮೇಲೆ ಹಾದು ಬಬಲೇಶ್ವರ ಮುಟ್ಟಿದಾಗ ಅಂಗಳದಲ್ಲಿ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಮಗಳು ಕೂತಿದ್ದಳು. ಇನ್ನೊಂದು ಖಾಲಿ ಇತ್ತು. ಹಿರಿಯ ಸೊಸೆ ಒಳಬಾಗಿಲ ಹತ್ತಿರ, ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ನಾನು ತರುತ್ತೇನೆ ಎಂದದ್ದನ್ನು ನಂಬಬೇಕೋ ಬೇಡವೋ ಎಂದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಉಡಿ ತುಂಬುವ ಮುಂಚೆ ಹಿರಿಯ ಹೆಂಗಸೊಬ್ಬರು 'ತವರಿನವರು ಯಾರು ಬಂದಾರ' ಎಂದು ಕೇಳುವುದು ವಾಡಿಕೆ. ಮಗಳಿಗಾಗಿ ಕೇಳಿದರು, ನಾನು ಉತ್ತರ ಕೊಟ್ಟೆ. ಹಿರಿಯ ಸೊಸೆಯ ಸುದ್ದಿ ಅಂಗಳಕ್ಕೆಲ್ಲ ಗೊತ್ತಿತ್ತು. ಎಲ್ಲರೂ ಎಲ್ಲೆಲ್ಲೋ ನೋಡಿದರು.

"ಹಿರಿ ಸೊಸಿ ತವರಿನವರು?" ಎಂದು ಮೆಲ್ಲಗೆ ಕೇಳಿದರು.

"ನಾವ ಅದೀವ್ರಿ. ತಿಕೋಟಾದವರು," ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಕೇಳಬೇಕಾದವರಿಗೆ ಕೇಳಲಿ ಎಂದು.

ಅವಳು ಬಂದು ಮಣೆಯ ಮೇಲೆ ಕೂತಳು. ಕುಬಸದ ಮಡಿಕೆ ಬಿಚ್ಚಿ ತೋಳಿನ ತೊಟ್ಟಿಲುಗಳ ಮೇಲೆ ಕೈಯಿಟ್ಟಳು, ಅಳಲಿಲ್ಲ. ಮಗಳು ಎರಡೂ ಕುಬಸಗಳ ತೋಳುಗಳನ್ನು ಹೋಲಿಸಿ ನೋಡಿ, "ಯವ್ವಾ, ಅಕ್ಕಂದು ನಂದಕ್ಕಿಂತ ಚಂದ ಬಂದೈತಿ. ಇದೇನ ನ್ಯಾಯ?" ಎಂದಳು. ಹೆಂಗಸರೆಲ್ಲ ನಕ್ಕರು. ಮಾತು ನಿಜವೇ ಆಗಿತ್ತು. ಮಗಳದು ವಿಂಡೋಸಿನ ಕೆಲಸ.

ಆರತಿ ಮುಗಿದ ಮೇಲೆ ಇಬ್ಬರೂ ಕಾಲಿಗೆ ಬಿದ್ದರು. ಮಗಳು ಎದ್ದು ಹೋದಳು. ಹಿರಿಯವಳು ಏಳುವಾಗ ನನ್ನ ಸೆರಗು ಹಿಡಿದು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ನನ್ನ ತಿಂಗಳು ತಂಗಿಗಿಂತ ಮುಂದ ಐತ್ರಿ ಅವ್ವಾ. ನಾ ಯಾವಾಗ ಬರ್ಲಿ?"

ಕುಬಸ ತಂದ ಮನೆಗೇ ಚೊಚ್ಚಲ ಹೆರಿಗೆಗೆ ಹೋಗುವುದು ನಮ್ಮ ಕಡೆಯ ರೂಢಿ. ಅದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ, ನಾನೂ ಹಾಗೆಯೇ ಹೋದವಳು. ಆದರೂ ಹಿಂದಿನ ದಿನದಿಂದ ಸೂಜಿ, ಡಿಸ್ಕು, ದಾರ ಎಂದು ಓಡಾಡಿದವಳಿಗೆ ಅದು ಹೊಳೆದಿರಲಿಲ್ಲ. ಬಾಣಂತನಕ್ಕೆ ಎಲ್ಲಿ ಹೋಗುವುದು ಎಂಬ ಚಿಂತೆ ಈ ಹುಡುಗಿಗೆ ಎಷ್ಟು ದಿನದಿಂದ ಇತ್ತೋ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ ಉತ್ತರ ಕೊಟ್ಟಾಗಿತ್ತು.

"ದೀಪಾವಳಿ ಆಗ್ಲಿ, ನನ್ನ ಮಗ ಗಾಡಿ ತಗೊಂಡು ಬರ್ತಾನ. ಹಾಸಿಗಿ ಬಿಸಲಿಗೆ ಹಾಕಿ ಬಂದೀನಿ."

ಹಾಸಿಗೆಯನ್ನು ಅವರು ಯಾವಾಗ ಬಿಸಿಲಿಗೆ ಹಾಕಿದ್ದರೋ ನನಗೆ ಗೊತ್ತಿಲ್ಲ. ಸಂಜೆ ತಿಕೋಟಾಕ್ಕೆ ಬಂದು ನೋಡಿದರೆ ಮಾಳಿಗೆಯ ಮೇಲೆ ಎರಡು ಗಾದಿ ಹರವಿದ್ದವು. ಬನ್ನಿ ಕೊಟ್ಟು, ನಮಸ್ಕಾರ ಮಾಡಿ, ಜಗಲಿಯಿಂದ ಡಿಸ್ಕ್ ಇಳಿಸಿಕೊಂಡೆ. ವಿಭೂತಿಯನ್ನು ಒರೆಸಲಿಲ್ಲ, ಈಗಲೂ ಹಾಗೆಯೇ ಇದೆ. ಬರುವ ಖಂಡೇಪೂಜೆಗೆ ಜಗಲಿ ಏರುವ ಸರದಿ ಇನ್ನೊಂದರದು ಎಂದು ಅತ್ತೆ ಆಗಲೇ ಹೇಳಿಬಿಟ್ಟರು.

ಹಿರಿಯವಳು ದೀಪಾವಳಿಯ ನಂತರ ಬಂದಳು, ಮಗಳು ಅವಳ ಬೆನ್ನಿಗೇ ಬಂದಳು. ಹುಟ್ಟಿದ್ದು ಒಂದು ಹೆಣ್ಣು, ಒಂದು ಗಂಡು. ನನ್ನ ಗಂಡ ತೊಟ್ಟಿಲುಗಳನ್ನು ಒಂದೇ ತೊಲೆಗೆ ಕಟ್ಟಲು ಹೋದರು. ಬೇಡವೆಂದೆ, ಒಂದನ್ನು ತೂಗಿದರೆ ಇನ್ನೊಂದು ಅಲುಗಿ ಕೂಸು ಏಳುತ್ತದೆ. ಎರಡಕ್ಕೂ ಬೇರೆ ಬೇರೆ ತೊಲೆ ಹುಡುಕಿ ನಾನೇ ಹಗ್ಗ ಬಿಗಿದೆ. ಕೂಸು ನೋಡಲು ಬಂದ ಓಣಿಯ ಹೆಂಗಸೊಬ್ಬಳು ಬಗ್ಗಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಇವು ಎರಡು ಯಾಕ್ರಿ? ನಿಮಗ ಮಗಳು ಒಬ್ಬಾಕೆ ಅಲ್ಲೇನ?"

ಈ ಪ್ರಶ್ನೆಗೆ ನನ್ನ ಹತ್ತಿರ ಸದಾ ಒಂದು ಕುಚೋದ್ಯದ ಉತ್ತರ ಇರುತ್ತದೆ. ಆ ದಿನ ಅದನ್ನು ಬದಿಗಿಟ್ಟೆ.

"ಇದ್ದಾಕಿ ಒಬ್ಬಾಕೆ," ಎಂದೆ. "ದಸರಿಗೆ ಇಬ್ಬರಾದ್ರು."